ಎಕ್ಸೋಮ್ ವರದಿ ನೋಡದೆ ಬಿಟ್ಟ ಜಾಗ: ಪ್ರೋಟೀನು ಆಗದ ಆರ್‌ಎನ್‌ಎ ಬಗ್ಗೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ತಳಿವಿಜ್ಞಾನಿ. ಜೆನೆಟಿಕ್ ಪರೀಕ್ಷೆಗಳ ಫಲಿತಾಂಶ ಓದಿ, ವರದಿ ಬರೆದು ಸಹಿ ಹಾಕುವುದು ನನ್ನ ದಿನದ ಕೆಲಸ. ಈ ವಾರ ಗುಂಪಿನ ಅಡ್ಮಿನ್ ಕೊಟ್ಟ ವಿಷಯ ಪ್ರೋಟೀನು ತಯಾರಿಸದ ಆರ್‌ಎನ್‌ಎ. ನನಗೆ ತುಂಬಾ ಹತ್ತಿರದ ವಿಷಯ, ಹಾಗಾಗಿ ಒಪ್ಪಿಕೊಂಡೆ. ಎರಡು ವಿನಂತಿ. ಮಕ್ಕಳ ಹೆಸರು, ಆಸ್ಪತ್ರೆಯ ಹೆಸರು, ವರದಿಯ ಫೋಟೋ ಇಲ್ಲಿ ಹಾಕಬೇಡಿ, ಊರು ಹೇಳಿದರೆ ಸಾಕು. ನಾನು ಔಷಧಿ ಬರೆಯುವವಳಲ್ಲ, ಆದ್ದರಿಂದ ಮಾತ್ರೆ ನಿಲ್ಲಿಸಲೇ, ಹೆಚ್ಚಿಸಲೇ ಅನ್ನುವುದನ್ನು ನಿಮ್ಮ ವೈದ್ಯರನ್ನೇ ಕೇಳಿ.

ವಿಷಯ ಹೊಸದು ಅನ್ನುವವರಿಗೆ ಒಂದೆರಡು ಮಾತು. ಮನೆಯ ಮೂಲ ಕ್ರಯಪತ್ರವನ್ನು ಬೀರುವಿನಲ್ಲಿಟ್ಟು, ಕಚೇರಿಗೆ ಜೆರಾಕ್ಸ್ ತೆಗೆದುಕೊಂಡು ಹೋಗುತ್ತೇವಲ್ಲ, ಹಾಗೆ ಡಿಎನ್‌ಎ ಕೋಶಕೇಂದ್ರದಲ್ಲೇ ಇರುತ್ತದೆ, ಬೇಕಾದ ಭಾಗದ ನಕಲು ಮಾತ್ರ ಹೊರಗೆ ಬರುತ್ತದೆ. ಆ ನಕಲೇ ಆರ್‌ಎನ್‌ಎ. ಕೆಲವು ನಕಲುಗಳನ್ನು ಓದಿ ಕೋಶ ಪ್ರೋಟೀನು ಕಟ್ಟುತ್ತದೆ. ಇನ್ನು ಕೆಲವನ್ನು ಯಾರೂ ಓದುವುದಿಲ್ಲ, ಅವು ತಾವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕಿಳಿಯುತ್ತವೆ. ಇವತ್ತಿನ ಮಾತು ಈ ಎರಡನೇ ಬಗೆಯದರ ಬಗ್ಗೆ.

ಪ್ರಶ್ನೆ (ತುಮಕೂರು, ಹೈಸ್ಕೂಲ್ ವಿಜ್ಞಾನ ಶಿಕ್ಷಕರು): ಮೇಡಂ, ಡಿಎನ್‌ಎಯಲ್ಲಿ ಬಹುಪಾಲು ‘ಕಸ’ ಅಂತ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಈಗ ವಿಡಿಯೋಗಳಲ್ಲಿ ಕಸ ಅನ್ನುವುದೇ ಇಲ್ಲ, ಎಲ್ಲಕ್ಕೂ ಕೆಲಸ ಇದೆ ಅಂತಾರೆ. ಮಕ್ಕಳಿಗೆ ಏನು ಹೇಳಲಿ?

ಉತ್ತರ: ಸರ್, ಎರಡೂ ಅತಿಯಾಯಿತು. ಮನುಷ್ಯನ ಜೀನೋಮಿನಲ್ಲಿ, ಅಂದರೆ ಡಿಎನ್‌ಎಯ ಪೂರ್ತಿ ಬರಹದಲ್ಲಿ, ಸುಮಾರು 320 ಕೋಟಿ ಅಕ್ಷರ. ಪ್ರೋಟೀನು ಕಟ್ಟುವ ಜೀನುಗಳು ಸುಮಾರು 20,000, ಅವುಗಳಲ್ಲಿ ನಿಜವಾಗಿ ಪ್ರೋಟೀನಾಗಿ ಓದಿಸಿಕೊಳ್ಳುವ ಅಕ್ಷರಗಳು ಒಟ್ಟಿನಲ್ಲಿ ಶೇಕಡಾ ಎರಡಕ್ಕೂ ಕಡಿಮೆ. ಉಳಿದದ್ದಕ್ಕೆ ‘ಜಂಕ್’ ಎಂಬ ಮಾತು ಹತ್ತಿಕೊಂಡದ್ದು 1972ರಲ್ಲಿ ತಳಿವಿಜ್ಞಾನಿ ಸುಸುಮು ಓನೋ ಬರೆದ ಲೇಖನದಿಂದ. 2012ರಲ್ಲಿ, ಜೀನೋಮಿನ ಯಾವ ಭಾಗ ಏನು ಮಾಡುತ್ತದೆ ಎಂದು ಪಟ್ಟಿ ಮಾಡುವ ಎನ್‌ಕೋಡ್ ಯೋಜನೆಯವರು ಜೀನೋಮಿನ ಶೇಕಡಾ 80ರಷ್ಟಕ್ಕೆ ಏನಾದರೊಂದು ಜೀವರಾಸಾಯನಿಕ ಚಟುವಟಿಕೆ ಇದೆ ಎಂದರು. ಪತ್ರಿಕೆಗಳು ಅದನ್ನೇ ‘ಕಸವೇ ಇಲ್ಲ’ ಎಂದು ಬರೆದವು. ಚಟುವಟಿಕೆ ಇದ್ದ ಮಾತ್ರಕ್ಕೆ ದೇಹಕ್ಕೆ ಅದರಿಂದ ಉಪಯೋಗ ಇದೆ ಅಂತಾಗುವುದಿಲ್ಲ. ಅಡುಗೆಮನೆಯ ಈರುಳ್ಳಿಯನ್ನೇ ನೋಡಿ, ಅದರ ಜೀನೋಮ್ ನಮ್ಮದರ ಐದು ಪಟ್ಟು. ಎಲ್ಲ ಅಕ್ಷರವೂ ಅಗತ್ಯ ಅನ್ನುವುದಾದರೆ ಈರುಳ್ಳಿಗೆ ನಮಗಿಂತ ಐದು ಪಟ್ಟು ಯಾಕೆ ಬೇಕಾಯಿತು?

ಮಕ್ಕಳಿಗೆ ಬೇರೆ ದಾರಿಯಲ್ಲಿ ಹೇಳಿ. ಜಂಕ್ ಎಂದು ಪಾಠ ಮಾಡಿದ ದಿನವೂ ನೀವು ಬೋರ್ಡಿನ ಮೇಲೆ ಟಿಆರ್‌ಎನ್‌ಎ ಚಿತ್ರ ಬರೆದಿದ್ದೀರಿ, ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮ್ ಬರೆದಿದ್ದೀರಿ. ಎರಡೂ ಪ್ರೋಟೀನಾಗದ ಆರ್‌ಎನ್‌ಎಯದೇ ಕೆಲಸ. ಕೋಶದ ಒಟ್ಟು ಆರ್‌ಎನ್‌ಎಯಲ್ಲಿ ಸುಮಾರು ಶೇಕಡಾ 80 ರೈಬೋಸೋಮಿನದು. ಪ್ರೋಟೀನಿನ ಕೊಂಡಿಯನ್ನು ಬೆಸೆಯುವ ಜಾಗದಲ್ಲಿ ಇರುವುದೂ ಆರ್‌ಎನ್‌ಎಯೇ. ರೈಬೋಸೋಮಿನ ರಚನೆ ಬಿಡಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು.

ಇನ್ನೊಂದು, ತರಗತಿಗೆ ಹೇಳಿ ಮಾಡಿಸಿದಂಥದ್ದು. ಬೀದಿಯಲ್ಲಿ ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣದ ಬೆಕ್ಕು ಕಂಡರೆ ಅದು ಹೆಚ್ಚುಕಮ್ಮಿ ಖಂಡಿತ ಹೆಣ್ಣು. ಕಪ್ಪೋ ಕಿತ್ತಳೆಯೋ ಅನ್ನುವ ತೀರ್ಮಾನ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್, ಪ್ರತಿ ಕೋಶದಲ್ಲೂ ಅದರಲ್ಲೊಂದು ಮುಚ್ಚಿಕೊಳ್ಳುತ್ತದೆ. ಯಾವ ಕೋಶದಲ್ಲಿ ಯಾವುದು ಮುಚ್ಚಿತೋ ಅದರ ಮೇಲೆ ತೇಪೆ ತೇಪೆಯಾಗಿ ಬಣ್ಣ. ಹಾಗೆ ಮುಚ್ಚುವುದು ಎಕ್ಸಿಸ್ಟ್ ಎಂಬ ಆರ್‌ಎನ್‌ಎ. 1991ರಲ್ಲಿ ಸಿಕ್ಕಿತು. ಸುಮಾರು 17,000 ಅಕ್ಷರ ಉದ್ದ, ಒಂದು ಪ್ರೋಟೀನನ್ನೂ ತಯಾರಿಸುವುದಿಲ್ಲ. ತಾನು ಹುಟ್ಟಿದ ಕ್ರೋಮೋಸೋಮಿಗೇ ಸುತ್ತಿಕೊಂಡು ಅದನ್ನು ಮೌನ ಮಾಡುತ್ತದೆ. ಈ ಗುಂಪಿನಲ್ಲಿರುವ ಪ್ರತಿ ಹೆಣ್ಣಿನ ಮೈಯಲ್ಲೂ ಈಗ ಅದೇ ನಡೆದಿದೆ.

ಪ್ರಶ್ನೆ (ಧಾರವಾಡ, ಪಿಯು ವಿದ್ಯಾರ್ಥಿ): ನಮಸ್ಕಾರ ರೀ ಮೇಡಂ. 2024ರ ವೈದ್ಯಕೀಯ ನೊಬೆಲ್ ಹುಳದ ಮ್ಯಾಲೆ ಕೆಲಸ ಮಾಡಿದವ್ರಿಗೆ ಬಂತಲ್ರೀ. ಒಂದು ಮಿಲಿಮೀಟರ್ ಹುಳಕ್ಕೂ ನಮಗೂ ಏನ್ ಸಂಬಂಧ?

ಉತ್ತರ: ಚಲೋ ಪ್ರಶ್ನೆ ತಮ್ಮಾ. ಆ ಹುಳದಲ್ಲಿ ಲಿನ್-4 ಎಂಬ ಜೀನು ಕೆಟ್ಟರೆ ಅದು ಬೆಳೆಯುವ ಕ್ರಮವೇ ತಪ್ಪುತ್ತದೆ, ಮೊದಲ ಹಂತವನ್ನೇ ಮತ್ತೆ ಮತ್ತೆ ಮಾಡುತ್ತಾ ಕೂರುತ್ತದೆ. ವಿಕ್ಟರ್ ಆಂಬ್ರೋಸ್ ಅವರ ಲ್ಯಾಬು ಆ ಜೀನನ್ನು ಹುಡುಕುತ್ತಾ ಹೋಗಿ ತಲುಪಿದ್ದು 22 ಅಕ್ಷರದ ಒಂದು ತುಣುಕು ಆರ್‌ಎನ್‌ಎಗೆ. ಪ್ರೋಟೀನು ಕಟ್ಟಲು ಅದು ತೀರಾ ಚಿಕ್ಕದು. ಅತ್ತ ಗ್ಯಾರಿ ರವ್‌ಕುನ್ ಲಿನ್-14 ಎಂಬ ಇನ್ನೊಂದು ಜೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಇಬ್ಬರೂ ತಮ್ಮ ತಮ್ಮ ಅಕ್ಷರಗಳನ್ನು ಪರಸ್ಪರ ಕಳಿಸಿ, ಪಕ್ಕಪಕ್ಕ ಇಟ್ಟು ನೋಡಿದಾಗ ಲಿನ್-4ರ ತುಣುಕು ಲಿನ್-14ರ ಆರ್‌ಎನ್‌ಎಯ ಬಾಲಕ್ಕೆ ಹೊಂದಿಕೊಂಡು ಕೂರುತ್ತಿತ್ತು. ಹಾಗೆ ಕೂತರೆ ಪ್ರೋಟೀನು ತಯಾರಾಗುವುದು ತಗ್ಗುತ್ತದೆ. 1993ರಲ್ಲಿ ಎರಡು ಲೇಖನ ಒಟ್ಟಿಗೇ ಬಂದವು.

ಆಮೇಲೆ ಏಳು ವರ್ಷ ಹೆಚ್ಚಿನವರು ಇದನ್ನು ಹುಳದ ವಿಚಿತ್ರ ಅಂತಲೇ ಬಿಟ್ಟರು. 2000ದಲ್ಲಿ ರವ್‌ಕುನ್ ಲ್ಯಾಬಿಗೆ ಲೆಟ್-7 ಎಂಬ ಎರಡನೆಯದು ಸಿಕ್ಕಿತು. ಅದು ನೊಣದಲ್ಲೂ ಇತ್ತು, ಮೀನಿನಲ್ಲೂ ಇತ್ತು, ಮನುಷ್ಯನಲ್ಲೂ ಇತ್ತು, ಅಕ್ಷರಗಳೂ ಅವೇ. ಅಲ್ಲಿಗೆ ಬಾಗಿಲು ತೆರೆಯಿತು. ಮನುಷ್ಯನಲ್ಲಿ ಇಂಥ ಮೈಕ್ರೋ ಆರ್‌ಎನ್‌ಎ ಜೀನುಗಳು ಈಗ ಸಾವಿರಕ್ಕೂ ಹೆಚ್ಚು ಗೊತ್ತಾಗಿವೆ. ಇವು ದೀಪದ ಸ್ವಿಚ್ಚಿನ ಹಾಗಲ್ಲ, ಫ್ಯಾನಿನ ರೆಗ್ಯುಲೇಟರಿನ ಹಾಗೆ. ಒಂದೊಂದೂ ನೂರಾರು ಜೀನುಗಳ ವೇಗವನ್ನು ಒಂದಿಷ್ಟು ಇಳಿಸುತ್ತದೆ.

ನಮಗೆ ಸಂಬಂಧ ಏನು ಅಂದೆಯಲ್ಲ. ಮಿರ್-96 ಎಂಬುದು ಒಳಗಿವಿಯ ಕೂದಲುಕೋಶಗಳಲ್ಲಿ ಕೆಲಸ ಮಾಡುವ ಮೈಕ್ರೋ ಆರ್‌ಎನ್‌ಎ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದಕ್ಕೆ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಾ ಹೋದದ್ದನ್ನು 2009ರಲ್ಲಿ ಸ್ಪೇನಿನ ಕುಟುಂಬಗಳಲ್ಲಿ ಗುರುತಿಸಿದರು. ಹುಳದ ಜೀನು ಹುಡುಕುತ್ತಾ ಹೊರಟವರಿಂದಲೇ ಈ ದಾರಿ ತೆರೆದುಕೊಂಡದ್ದು.

ಪ್ರಶ್ನೆ (ಹಾಸನ, ಒಬ್ಬ ತಾಯಿ): ಮೇಡಂ, ನನ್ನ ಮಗಳಿಗೆ ಈಗ ಆರು ವರ್ಷ. ಮೂರು ತುಂಬಿದ ಮೇಲೆ ನಡೆದಳು. ಮಾತು ಅಂದರೆ ನಾಲ್ಕೈದು ಶಬ್ದ. ಆಗಾಗ ಫಿಟ್ಸ್ ಬರುತ್ತೆ, ತಲೆ ಸ್ವಲ್ಪ ಚಿಕ್ಕದು. ಸಾಲ ಮಾಡಿ ಎಕ್ಸೋಮ್ ಟೆಸ್ಟ್ ಮಾಡಿಸಿದೆವು. ‘ರೋಗಕಾರಕ ಬದಲಾವಣೆ ಕಂಡುಬಂದಿಲ್ಲ’ ಅಂತ ಬಂತು. ಮನೆಯಲ್ಲಿ ಎಲ್ಲರೂ ‘ಜೀನ್ ಎಲ್ಲಾ ನಾರ್ಮಲ್ ಅಂತೆ, ಮತ್ತೆ ಯಾಕೆ ಹೀಗೆ’ ಅಂತ ನನ್ನನ್ನೇ ನೋಡ್ತಾರೆ. ಬಸುರಿಯಲ್ಲಿ ನಾನೇ ಏನೋ ತಪ್ಪು ಮಾಡಿರಬೇಕು ಅನ್ನಿಸುತ್ತೆ. ಇನ್ನೇನಾದರೂ ದಾರಿ ಇದೆಯಾ?

ಉತ್ತರ: ಅಮ್ಮಾ, ಮೊದಲಿಗೆ ಒಂದು ಮಾತು. ಬಸುರಿಯಲ್ಲಿ ನೀವು ತಿಂದದ್ದು, ತಿರುಗಿದ್ದು, ಅತ್ತದ್ದು ಇಂಥ ಕಾಯಿಲೆಯ ಅಕ್ಷರವನ್ನು ಬದಲಿಸುವುದಿಲ್ಲ. ಮನೆಯವರಿಗೆ ನನ್ನ ಈ ಉತ್ತರವನ್ನು ಓದಿಸಿ.

‘ನಾರ್ಮಲ್’ ಎಂಬ ಪದದಿಂದ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ. ಎಕ್ಸೋಮ್ ಪರೀಕ್ಷೆ ಓದುವುದು ಮುಖ್ಯವಾಗಿ ಪ್ರೋಟೀನು ಕಟ್ಟುವ ಭಾಗವನ್ನು, ಮೇಲೆ ಮೇಷ್ಟ್ರಿಗೆ ಹೇಳಿದ ಆ ಒಂದೆರಡು ಶೇಕಡಾವನ್ನು. ಅದರಲ್ಲಿ ಏನೂ ಸಿಗಲಿಲ್ಲ ಎಂದಷ್ಟೇ ಆ ವರದಿ ಹೇಳುತ್ತಿದೆ. ಹತ್ತು ಕೋಣೆಯ ಮನೆಯಲ್ಲಿ ಬೀಗದಕೈ ಕಳೆದು, ಒಂದು ಕೋಣೆ ಹುಡುಕಿ ಬಂದ ಹಾಗೆ. ಹೆಚ್ಚಿನ ಬೀಗದಕೈ ಅದೇ ಕೋಣೆಯಲ್ಲಿ ಸಿಗುವುದರಿಂದ ಮೊದಲು ಅಲ್ಲಿ ಹುಡುಕುವುದು ಸರಿಯೇ. ಸಿಗದಿದ್ದರೆ ಮನೆಯಲ್ಲೇ ಇಲ್ಲ ಅನ್ನುವಂತಿಲ್ಲ.

2024ರಲ್ಲಿ ನಮ್ಮ ಕ್ಷೇತ್ರವನ್ನು ಅಲುಗಾಡಿಸಿದ ಒಂದು ವಿಷಯ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಒಂದು ಲಕ್ಷ ಪೂರ್ಣ ಜೀನೋಮ್ ಓದುವ ಯೋಜನೆ ನಡೆದಿತ್ತು. ಕಾರಣ ಸಿಗದೆ ಉಳಿದಿದ್ದ ಮಕ್ಕಳ ಜೀನೋಮುಗಳಲ್ಲಿ ಪ್ರೋಟೀನಾಗದ ಭಾಗವನ್ನೂ ನೋಡುತ್ತಾ ಹೋದವರಿಗೆ ಆರ್‌ಎನ್‌ಯು4-2 ಎಂಬ ಪುಟ್ಟ ಜೀನು ಮತ್ತೆ ಮತ್ತೆ ಎದುರಾಯಿತು. 150 ಅಕ್ಷರವೂ ಇಲ್ಲದ ಜೀನು ಅದು. ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಸಾವಿರಕ್ಕೆ ಸುಮಾರು ನಾಲ್ವರಲ್ಲಿ ಇದರ ಬದಲಾವಣೆ ಕಂಡಿತು. ಕೇಳಲು ಕಡಿಮೆ ಅನ್ನಿಸಬಹುದು, ಆದರೆ ಒಂದೇ ಜೀನಿನ ಲೆಕ್ಕದಲ್ಲಿ ಇದು ಬಹಳ ದೊಡ್ಡ ಪಾಲು. ಅಷ್ಟು ಮಕ್ಕಳು ಅಷ್ಟು ವರ್ಷ ನಮ್ಮ ಕಣ್ಣೆದುರೇ ಇದ್ದರೂ ಗೊತ್ತಾಗಲಿಲ್ಲ, ಯಾಕೆಂದರೆ ನಮ್ಮ ಸಾಮಾನ್ಯ ಎಕ್ಸೋಮ್ ಕಿಟ್ಟುಗಳು ಆ ಜೀನನ್ನು ಹಿಡಿಯುತ್ತಲೇ ಇರಲಿಲ್ಲ. ಆ ಲೇಖನ ಬಂದ ವಾರ ನಾನು ನನ್ನ ಹಳೆಯ ‘ನೆಗೆಟಿವ್’ ವರದಿಗಳ ಪಟ್ಟಿ ತೆಗೆದು ಕೂತೆ. ಒಂದೊಂದರ ಹಿಂದೆಯೂ ಒಂದು ಮಗು ಇದೆ ಅನ್ನುವುದು ಆ ದಿನ ಹೊಟ್ಟೆಯಲ್ಲಿ ಕಿವುಚಿದಂತೆ ತಟ್ಟಿತು.

ಆ ಜೀನಿನ ಕೆಲಸ ಏನು? ಹಲಸಿನ ಹಣ್ಣು ಬಿಡಿಸುವಾಗ ತೊಳೆ ಆರಿಸಿಕೊಂಡು ನಡುವಿನ ನಾರು ಎಸೆಯುತ್ತೇವಲ್ಲ. ಡಿಎನ್‌ಎಯಿಂದ ತೆಗೆದ ನಕಲಿನಲ್ಲೂ ನಡುನಡುವೆ ಬೇಡದ ಉದ್ದುದ್ದ ಭಾಗಗಳಿರುತ್ತವೆ. ಅವನ್ನು ಕತ್ತರಿಸಿ ಬೇಕಾದ್ದನ್ನು ಜೋಡಿಸುವ ಯಂತ್ರ ಸ್ಪ್ಲೈಸೋಸೋಮ್. ಅದರ ಒಳಗೆ ಯು4, ಯು6 ಎಂಬ ಎರಡು ಪುಟ್ಟ ಆರ್‌ಎನ್‌ಎಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕತ್ತರಿಯ ಅಲಗಿನಂತಿರುವ ಯು6 ಹೊತ್ತಿಗೆ ಮುಂಚೆ ಕತ್ತರಿಸದಂತೆ ಯು4 ಅದನ್ನು ಹಿಡಿದಿರುತ್ತದೆ, ಹೊತ್ತು ಬಂದಾಗ ಬಿಟ್ಟುಕೊಡುತ್ತದೆ. ಆರ್‌ಎನ್‌ಯು4-2 ತಯಾರಿಸುವುದು ಈ ಯು4 ಅನ್ನು. ಈ ಮಕ್ಕಳಲ್ಲಿ ಹೆಚ್ಚಾಗಿ ಕಂಡದ್ದು ಒಂದು ಅಕ್ಷರ ಹೆಚ್ಚಿಗೆ ನುಸುಳಿದ್ದು, 64 ಮತ್ತು 65ನೇ ಅಕ್ಷರದ ನಡುವೆ. ಅಷ್ಟಕ್ಕೇ ಹಿಡಿತದ ಆಕಾರ ಕೆಟ್ಟು, ಕತ್ತರಿಸುವ ಜಾಗ ಅಲ್ಲಲ್ಲಿ ತಪ್ಪುತ್ತದೆ. ಮಿದುಳು ಬೆಳೆಯುವಾಗ ಈ ಕತ್ತರಿ ಕೆಲಸ ಬಹಳ ನಾಜೂಕಾಗಿ ಆಗಬೇಕು.

ಈ ಸ್ಥಿತಿಗೆ ರೆನ್ಯೂ ಸಿಂಡ್ರೋಮ್ ಎಂದು ಹೆಸರು. ನಡೆಯುವುದು ತಡ, ಮಾತು ಬಹಳ ಕಡಿಮೆ, ಸ್ನಾಯು ಸಡಿಲ, ತಲೆ ಚಿಕ್ಕದು, ಎತ್ತರ ಕಡಿಮೆ, ಫಿಟ್ಸ್. ನೀವು ಹೇಳಿದ ಚಿತ್ರಕ್ಕೆ ಇದು ಹೋಲುತ್ತದೆ, ಆದರೆ ಇದೇ ಲಕ್ಷಣ ಕೊಡುವ ಕಾಯಿಲೆಗಳು ನೂರಾರಿವೆ. ನಿಮ್ಮ ಮಗಳಿಗೆ ಇದೇ ಎಂದು ನಾನು ಹೇಳುತ್ತಿಲ್ಲ, ಆ ಪರೀಕ್ಷೆಯಲ್ಲಿ ಇದನ್ನು ನೋಡಿರಲಿಕ್ಕಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮುಂದೆ ಎಲ್ಲಾದರೂ ಓದಿ ನೀವು ಗಾಬರಿಯಾಗಬಾರದು, ಅದಕ್ಕೇ ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ. ಈ ಬದಲಾವಣೆ ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಸಾಮಾನ್ಯವಾಗಿ ಇರುವುದಿಲ್ಲ, ಮಗುವಿನಲ್ಲಿ ಹೊಸದಾಗಿ ಬಂದಿರುತ್ತದೆ. ಹೊಸದಾಗಿ ಬಂದದ್ದು ಜೀನಿನ ಎರಡು ಪ್ರತಿಗಳಲ್ಲಿ ಅಪ್ಪನಿಂದ ಬಂದದ್ದರಲ್ಲೋ ಅಮ್ಮನಿಂದ ಬಂದದ್ದರಲ್ಲೋ ಎಂದು ಗುರುತಿಸಲು ಆದ ಮಕ್ಕಳಲ್ಲಿ ಅದು ತಾಯಿಯ ಅಂಡದಿಂದ ಬಂದ ಪ್ರತಿಯಲ್ಲಿತ್ತು. ಅದು ತಾಯಿಯ ತಪ್ಪಲ್ಲ. ಅಂಡದಲ್ಲಿ ಡಿಎನ್‌ಎ ನಕಲಾಗುವಾಗ ಯಾರ ಕೈಯಲ್ಲೂ ಇಲ್ಲದ ಹಾಗೆ ಒಂದು ಅಕ್ಷರ ಜಾಸ್ತಿ ಬಿದ್ದಿರುತ್ತದೆ. ಮುಂದಿನ ಮಗುವಿಗೂ ಬರುವ ಸಾಧ್ಯತೆ ಬಹಳ ಕಡಿಮೆ.

ಈಗ ಮಾಡಬೇಕಾದ್ದು. ನಿಮ್ಮ ಜೆನೆಟಿಕ್ಸ್ ವೈದ್ಯರ ಬಳಿ ಹೋಗಿ, ಎಕ್ಸೋಮ್ ಮಾಡಿದ ಲ್ಯಾಬಿಗೆ ‘ಆರ್‌ಎನ್‌ಯು4-2 ಕವರ್ ಆಗಿದೆಯಾ’ ಎಂದು ಬರೆದು ಕೇಳಿಸಿ. ಆಗಿಲ್ಲದಿದ್ದರೆ ಆ ಜೀನನ್ನು ಮಾತ್ರ, ಒಂದೊಂದೇ ತುಣುಕು ಓದುವ ಸ್ಯಾಂಗರ್ ವಿಧಾನದಲ್ಲಿ ಓದಬಹುದು, ಪೂರ್ತಿ ಪರೀಕ್ಷೆ ಮತ್ತೆ ಮಾಡಿಸುವುದಕ್ಕಿಂತ ಇದರ ಖರ್ಚು ತುಂಬಾ ಕಡಿಮೆ. ಇದರ ಪಕ್ಕದಲ್ಲೇ ಆರ್‌ಎನ್‌ಯು4-1 ಎಂಬ ಅವಳಿಯಂಥ ಜೀನು ಇರುವುದರಿಂದ, ಅದನ್ನು ಇದು ಅಂತ ಓದಿಬಿಡದಂತೆ ಅನುಭವ ಇರುವ ಲ್ಯಾಬಿನಲ್ಲೇ ಮಾಡಿಸಬೇಕು. ಅದೂ ಆಗಲಿಲ್ಲವೆಂದರೆ ಪೂರ್ಣ ಜೀನೋಮ್ ಪರೀಕ್ಷೆಯ ಮಾತು.

ಪ್ರಶ್ನೆ (ಮಂಗಳೂರು): ಮೇಡಂ, ತಂದೆಗೆ 64. ಒಂದು ಹೆಲ್ತ್ ಪ್ಯಾಕೇಜಿನವರು ರಕ್ತದ ಮೈಕ್ರೋ ಆರ್‌ಎನ್‌ಎ ನೋಡಿ ಹತ್ತಾರು ಬಗೆಯ ಕ್ಯಾನ್ಸರ್ ಮೊದಲೇ ಹೇಳುತ್ತೇವೆ ಅಂತಿದ್ದಾರೆ. ಮಾಡಿಸಲಾ?

ಉತ್ತರ: ನನ್ನ ತಂದೆಯಾಗಿದ್ದರೆ ಮಾಡಿಸುತ್ತಿರಲಿಲ್ಲ. ಕ್ಯಾನ್ಸರಿನಲ್ಲಿ ಮೈಕ್ರೋ ಆರ್‌ಎನ್‌ಎ ಪಾತ್ರ ನಿಜ. 2002ರಲ್ಲಿ ಕಾರ್ಲೋ ಕ್ರೋಚೆ ಅವರ ತಂಡ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡು ಪದೇ ಪದೇ ಕಳೆದುಹೋಗುವುದರ ಗುಟ್ಟು ಬಿಡಿಸಿತು. ಆ ತುಂಡಿನಲ್ಲಿದ್ದದ್ದು ಮಿರ್-15ಎ, ಮಿರ್-16-1. ಇವು ಬಿಸಿಎಲ್2 ಎಂಬ, ಕೋಶವನ್ನು ಸಾಯಗೊಡದ ಪ್ರೋಟೀನನ್ನು ತಗ್ಗಿಸಿ ಇಡುತ್ತವೆ. ಇವಿಲ್ಲದಿದ್ದರೆ ಆ ಪ್ರೋಟೀನಿಗೆ ಲಗಾಮಿಲ್ಲ. ಇವತ್ತು ಸಿಎಲ್‌ಎಲ್‌ಗೆ ಕೊಡುವ ವೆನೆಟೋಕ್ಲಾಕ್ಸ್ ಮಾತ್ರೆ ಹಿಡಿಯುವುದು ಅದೇ ಬಿಸಿಎಲ್2 ಅನ್ನು. ಮೂತ್ರದಲ್ಲಿ ಪಿಸಿಎ3 ಎಂಬ ಉದ್ದ ಆರ್‌ಎನ್‌ಎ ಅಳೆಯುವ ಪ್ರಾಸ್ಟೇಟ್ ಪರೀಕ್ಷೆಗೂ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಒಮ್ಮೆ ಬಯಾಪ್ಸಿ ಆದವರಿಗೆ ಮತ್ತೊಮ್ಮೆ ಬೇಕೇ ಎಂದು ತೀರ್ಮಾನಿಸಲು. ಒಂದು ಕಾಯಿಲೆ, ಒಂದು ಗುರುತು, ಒಂದು ಕೆಲಸ. ಹತ್ತಾರು ಕ್ಯಾನ್ಸರಿಗೆ ಒಂದೇ ಟ್ಯೂಬು ರಕ್ತ ಅನ್ನುವುದು ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಯಾಕೆ ಅನ್ನುವುದನ್ನು ನಮ್ಮ ಲ್ಯಾಬಿನ ಬೆಂಚಿನ ಮೇಲಿಂದಲೇ ತೋರಿಸುತ್ತೇನೆ. ರಕ್ತ ತೆಗೆಯುವವರು ತೋಳಿನ ಪಟ್ಟಿಯನ್ನು ಬಿಗಿಯಾಗಿ ಹೆಚ್ಚು ಹೊತ್ತು ಕಟ್ಟಿದರೂ, ಸಿರಿಂಜಿನಿಂದ ಟ್ಯೂಬಿಗೆ ಜೋರಾಗಿ ಒತ್ತಿದರೂ ಕೆಂಪು ರಕ್ತಕಣ ಒಡೆಯುತ್ತದೆ. ಸೆಂಟ್ರಿಫ್ಯೂಜ್‌ನಿಂದ ತಿರುಗಿಸಿ ತೆಗೆದಾಗ ಮೇಲೆ ನಿಲ್ಲುವ ರಕ್ತದ ನೀರು, ಅಂದರೆ ಪ್ಲಾಸ್ಮಾ, ತೆಳು ಹಳದಿ ಇರಬೇಕಾದ್ದು ನಸುಗೆಂಪು ಬರುತ್ತದೆ. ಕೆಲವೊಮ್ಮೆ ಬರಿಗಣ್ಣಿಗೆ ಕಾಣಿಸುವುದೂ ಇಲ್ಲ. ಆದರೆ ಕೆಂಪುಕಣದೊಳಗೆ ಮಿರ್-451, ಮಿರ್-16 ಧಾರಾಳವಾಗಿವೆ, ಅಷ್ಟೂ ಪ್ಲಾಸ್ಮಾಕ್ಕೆ ಸುರಿದು ಅಂಕಿ ಏರುತ್ತದೆ. ಕ್ಯಾನ್ಸರಿನ ಸೂಚನೆ ಅಂದುಕೊಂಡದ್ದು ಸೂಜಿ ಚುಚ್ಚಿದ ರೀತಿಯ ಸೂಚನೆ ಆಗಿಬಿಡುತ್ತದೆ. ಒಂದು ತಪ್ಪು ‘ಪಾಸಿಟಿವ್’ ಬಂದರೆ ನಿಮ್ಮ ತಂದೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುತ್ತಾ ನಿದ್ದೆಗೆಡುತ್ತಾರೆ. ಒಂದು ತಪ್ಪು ‘ನೆಗೆಟಿವ್’ ಬಂದರೆ ಮಲದಲ್ಲಿ ರಕ್ತ ಕಂಡರೂ ‘ಟೆಸ್ಟ್ ಚೆನ್ನಾಗಿತ್ತಲ್ಲ’ ಎಂದು ಸುಮ್ಮನಾಗುತ್ತಾರೆ. ಎರಡನೆಯದರ ಭಯ ನನಗೆ ಹೆಚ್ಚು. ಆ ದುಡ್ಡಲ್ಲಿ ಅವರ ವಯಸ್ಸಿಗೆ ವೈದ್ಯರು ಹೇಳುವ ಸಾಮಾನ್ಯ ತಪಾಸಣೆಗಳನ್ನೇ ಮಾಡಿಸಿ.

ಪ್ರಶ್ನೆ (ಬಳ್ಳಾರಿ): ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ, ಕಿವಿಯೂ ಕೇಳುತ್ತಿರಲಿಲ್ಲ. ಅಮ್ಮನಿಗೂ, ಸೋದರಮಾವನಿಗೂ, ಚಿಕ್ಕಮ್ಮನಿಗೂ ಮೂವತ್ತೈದರೊಳಗೆ ಅದೇ ಎರಡೂ ಬಂದವು. ಯಾರೂ ದಪ್ಪ ಇಲ್ಲ. ನನಗೀಗ 31, ಸಕ್ಕರೆ ಶುರುವಾಗಿದೆ. ಇದು ಈ ವಿಷಯಕ್ಕೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳುತ್ತಿದ್ದೇನೆ.

ಉತ್ತರ: ಚೆನ್ನಾಗಿಯೇ ಸೇರುತ್ತದೆ ಸರ್. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ‘ಅಜ್ಜಿ, ಅಮ್ಮ, ಸೋದರಮಾವ, ಚಿಕ್ಕಮ್ಮ’ ಅನ್ನುವ ಸಾಲಿನ ಮೇಲೆ. ಎಲ್ಲ ತಾಯಿ ಕಡೆ.

ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಕ್ಕೆ ತನ್ನದೇ ಚಿಕ್ಕ ಡಿಎನ್‌ಎ ಇದೆ, 16,569 ಅಕ್ಷರ, 37 ಜೀನು. ಅದು ತಾಯಿಯಿಂದ ಮಾತ್ರ ಬರುತ್ತದೆ. ಆ 37ರಲ್ಲಿ ಪ್ರೋಟೀನಿಗೆ ಬರೀ 13, ಉಳಿದ 24 ಪ್ರೋಟೀನಾಗದ ಆರ್‌ಎನ್‌ಎಗೆ. ಅದರಲ್ಲಿ ಲ್ಯೂಸೀನ್ ಹೊತ್ತು ತರುವ ಟಿಆರ್‌ಎನ್‌ಎಯ ಒಂದು ಅಕ್ಷರ, 3243ನೆಯದು, ಎ ಇರಬೇಕಾದಲ್ಲಿ ಜಿ ಆದರೆ ಮೈಟೋಕಾಂಡ್ರಿಯಾದ ಪ್ರೋಟೀನು ಕಟ್ಟುವ ಕೆಲಸ ಸೊರಗುತ್ತದೆ. ಶಕ್ತಿ ಜಾಸ್ತಿ ಬೇಡುವ ಅಂಗಗಳು, ಅಂದರೆ ಇನ್ಸುಲಿನ್ ಸುರಿಸುವ ಕೋಶ, ಒಳಗಿವಿ, ಸ್ನಾಯು, ಮಿದುಳು, ಮೊದಲು ಬಳಲುತ್ತವೆ. ತಾಯಿ ಸಾಲಿನಲ್ಲಿ ಸಕ್ಕರೆ ಕಾಯಿಲೆಯೂ ಕಿವುಡೂ ಒಟ್ಟಿಗೆ ಬರುವುದಕ್ಕೆ ಇದು ಗೊತ್ತಿರುವ ಕಾರಣ.

ನಿಮ್ಮ ವೈದ್ಯರಿಗೆ ಈ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ರಕ್ತದಲ್ಲಿ ಈ ಬದಲಾವಣೆಯ ಪ್ರಮಾಣ ವಯಸ್ಸಾದಂತೆ ಇಳಿಯುತ್ತದೆ, ಆದ್ದರಿಂದ ಮೂತ್ರದ ಮಾದರಿಯಲ್ಲೂ ನೋಡಲು ಹೇಳಿ. ರಕ್ತ ಮಾತ್ರ ನೋಡಿ ಇಲ್ಲ ಎಂದುಬಿಟ್ಟ ಪ್ರಕರಣಗಳಿವೆ. ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿದ್ದರೆ ಈ ಅನುಮಾನವನ್ನು ತಪ್ಪದೆ ತಿಳಿಸಿ, ಮೈಟೋಕಾಂಡ್ರಿಯಾ ತೊಂದರೆ ಇರುವವರಿಗೆ ಅದನ್ನು ಕೊಡುವಾಗ ವೈದ್ಯರು ಎರಡು ಸಲ ಯೋಚಿಸುತ್ತಾರೆ. ನೀವಾಗಿಯೇ ಮಾತ್ರೆ ಬಿಡಬೇಡಿ. ನೀವು ಗಂಡಸಾದ್ದರಿಂದ ನಿಮ್ಮ ಮಕ್ಕಳಿಗೆ ಇದು ಹೋಗುವುದಿಲ್ಲ, ಸೋದರಮಾವನ ಮಕ್ಕಳಿಗೂ ಅಷ್ಟೆ. ಚಿಕ್ಕಮ್ಮನ ಮಕ್ಕಳೂ ನಿಮ್ಮ ಅಕ್ಕತಂಗಿಯರೂ ನೋಡಿಸಿಕೊಳ್ಳಬೇಕು.

ಮೈಟೋಕಾಂಡ್ರಿಯಾ ಡಿಎನ್‌ಎಯದೇ ಇನ್ನೊಂದು ಬದಲಾವಣೆ ಎಲ್ಲರಿಗೂ ಗೊತ್ತಿರಲಿ. ಮೈಟೋಕಾಂಡ್ರಿಯಾದ ರೈಬೋಸೋಮ್ ಆರ್‌ಎನ್‌ಎಯಲ್ಲಿ 1555ನೇ ಅಕ್ಷರ ಎಯಿಂದ ಜಿ ಆದವರಿಗೆ ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್ ಥರದ ಇಂಜೆಕ್ಷನ್ ಕೊಟ್ಟರೆ ಕಿವಿ ಶಾಶ್ವತವಾಗಿ ಹೋಗಬಹುದು. ಆ ಔಷಧಿಗಳು ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿ ಅದನ್ನು ಕೊಲ್ಲುತ್ತವೆ. ಈ ಒಂದಕ್ಷರದಿಂದ ನಮ್ಮ ರೈಬೋಸೋಮೂ ಬ್ಯಾಕ್ಟೀರಿಯಾದ್ದರ ಹಾಗೆ ಕಾಣತೊಡಗುತ್ತದೆ, ಔಷಧಿ ಬಂದು ಇಲ್ಲೂ ಅಂಟುತ್ತದೆ. ಬ್ರಿಟನ್ನಿನಲ್ಲಿ ನವಜಾತ ಶಿಶುಗಳಿಗೆ ಜೆಂಟಾಮೈಸಿನ್ ಕೊಡುವ ಮುಂಚೆ ಕೆನ್ನೆಯ ಒಳಗಿನ ಸ್ವಾಬಿನಿಂದ 26 ನಿಮಿಷದಲ್ಲಿ ಇದನ್ನು ಪತ್ತೆ ಮಾಡುವ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅಂಥ ಪರೀಕ್ಷೆ ನಮ್ಮ ಕೈಗೆ ಸಿಗುವ ತನಕ ನಾವು ಮಾಡಬಹುದಾದ್ದು, ತಾಯಿ ಕಡೆ ಯಾರಿಗಾದರೂ ಇಂಜೆಕ್ಷನ್ ಆದಮೇಲೆ ಕಿವಿ ಹೋಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳುವುದು.

ಪ್ರಶ್ನೆ (ಮಂಡ್ಯ): ಅನ್ನದಲ್ಲಿರುವ ಆರ್‌ಎನ್‌ಎ ನಮ್ಮ ರಕ್ತಕ್ಕೆ ಸೇರಿ ಜೀನು ಬದಲಿಸುತ್ತದಂತೆ, ನಿಜವೇ? ಕೋವಿಡ್ ಲಸಿಕೆಯಲ್ಲಿದ್ದದ್ದೂ ಇದೇ ಆರ್‌ಎನ್‌ಎಯಾ?

ಉತ್ತರ: ಅಕ್ಕಿಯ ಒಂದು ಮೈಕ್ರೋ ಆರ್‌ಎನ್‌ಎ ಉಂಡವರ ರಕ್ತದಲ್ಲಿ ಸಿಕ್ಕಿತು, ಇಲಿಗಳ ಯಕೃತ್ತಿನ ಮೇಲೂ ಪರಿಣಾಮ ಬೀರಿತು ಎಂದು ಚೀನಾದ ಒಂದು ತಂಡ ಹೇಳಿದ್ದು ನಿಜ. 2013ರಲ್ಲಿ ಬೇರೆಯವರು ಇಲಿಗಳಿಗೆ ಅಕ್ಕಿ ತಿನ್ನಿಸಿ ನೋಡಿದಾಗ ಅದು ಸಿಗಲಿಲ್ಲ. ನೆಮ್ಮದಿಯಾಗಿ ಉಣ್ಣಿ. ಲಸಿಕೆಯ ಎಂಆರ್‌ಎನ್‌ಎ ಪ್ರೋಟೀನು ಕಟ್ಟಿಸುವ ಬಗೆ, ಇವತ್ತಿನ ವಿಷಯಕ್ಕೆ ತದ್ವಿರುದ್ಧ. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಎಂಆರ್‌ಎನ್‌ಎ ಲಸಿಕೆಗಳೇ ಅಲ್ಲ.

ಪ್ರಶ್ನೆ (ನ್ಯೂಜೆರ್ಸಿಯಲ್ಲಿರುವ ದಾವಣಗೆರೆಯವರು): ಸ್ಟ್ಯಾಟಿನ್ ತಗೊಂಡರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿಯುತ್ತಿಲ್ಲ. ಇಲ್ಲಿನ ಹೃದಯ ತಜ್ಞರು ಇನ್‌ಕ್ಲಿಸಿರಾನ್ ಇಂಜೆಕ್ಷನ್ ಹೇಳಿದ್ದಾರೆ, ಅದು ಆರ್‌ಎನ್‌ಎ ಔಷಧಿಯಂತೆ. ಡಿಎನ್‌ಎ ಬದಲಾಗುತ್ತಾ ಅಂತ ಊರಲ್ಲಿ ಅಮ್ಮ ಹೆದರಿದ್ದಾರೆ.

ಉತ್ತರ: ಅಮ್ಮನಿಗೆ ಧೈರ್ಯ ಹೇಳಿ, ಡಿಎನ್‌ಎ ಹತ್ತಿರವೂ ಅದು ಹೋಗುವುದಿಲ್ಲ. ಹುಳದ ಕಥೆ ಮೇಲೆ ಹೇಳಿದೆನಲ್ಲ, ನಮ್ಮ ಕೋಶ ಪುಟ್ಟ ಆರ್‌ಎನ್‌ಎ ಹಿಡಿದುಕೊಂಡು ಹೊಂದುವ ನಕಲುಗಳನ್ನು ತಗ್ಗಿಸುತ್ತದೆ. ಹೊರಗಿನಿಂದ ಜೋಡಿ ಎಳೆಯ ಆರ್‌ಎನ್‌ಎ ಕೊಟ್ಟರೂ ಅದೇ ಯಂತ್ರ ಕೆಲಸಕ್ಕಿಳಿಯುತ್ತದೆ ಎಂದು ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೋ 1998ರಲ್ಲಿ ತೋರಿಸಿದ ಆರ್‌ಎನ್‌ಎ ತಡೆಯಿಂದ ಗೊತ್ತಾಯಿತು, 2006ರಲ್ಲಿ ಅವರಿಗೆ ನೊಬೆಲ್ ಬಂತು. ಇನ್‌ಕ್ಲಿಸಿರಾನ್ ಅಂಥದೇ ಒಂದು ಪುಟ್ಟ ಜೋಡಿ. ಅದಕ್ಕೆ ಒಂದು ಸಕ್ಕರೆಯ ಬಾಲ ಅಂಟಿಸಿದ್ದಾರೆ, ಯಕೃತ್ತಿನ ಕೋಶಗಳು ಆ ಸಕ್ಕರೆಯನ್ನು ಗುರುತು ಹಿಡಿದು ಒಳಗೆ ಸೆಳೆದುಕೊಳ್ಳುತ್ತವೆ. ಒಳಗೆ ಅದು ಪಿಸಿಎಸ್‌ಕೆ9 ಎಂಬ ಪ್ರೋಟೀನಿನ ನಕಲನ್ನು ತುಂಡರಿಸುತ್ತದೆ. ಆ ಪ್ರೋಟೀನು ಕಡಿಮೆಯಾದರೆ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಹೆಚ್ಚು ಎತ್ತಿಕೊಳ್ಳುತ್ತದೆ. ದೊಡ್ಡ ಪ್ರಯೋಗಗಳಲ್ಲಿ ಎಲ್‌ಡಿಎಲ್ ಅರ್ಧದಷ್ಟು ಇಳಿದಿದೆ. ಮೊದಲನೆಯದು, ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರು ತಿಂಗಳಿಗೊಂದು.

ಈ ದಾರಿಯ ಮೊದಲ ಔಷಧಿ ಪ್ಯಾಟಿಸಿರಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಎಲ್ಲವೂ ಸಲೀಸಾಗಿ ಆಗಿಲ್ಲ ಅನ್ನುವುದನ್ನೂ ಹೇಳಬೇಕು. ಮಿರ್-34 ಎಂಬ ಮೈಕ್ರೋ ಆರ್‌ಎನ್‌ಎಯನ್ನೇ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಪ್ರಯೋಗವನ್ನು 2016ರಲ್ಲಿ ನಿಲ್ಲಿಸಬೇಕಾಯಿತು, ರೋಗನಿರೋಧಕ ವ್ಯವಸ್ಥೆ ಕೆರಳಿ ಕೆಲವರು ತೀರಿಕೊಂಡರು. ನೂರಾರು ಜೀನುಗಳನ್ನು ಒಟ್ಟಿಗೆ ತಿರುಗಿಸುವ ರೆಗ್ಯುಲೇಟರಿಗೆ ಕೈಹಾಕುವುದಕ್ಕೂ, ಒಂದೇ ನಕಲನ್ನು ಗುರಿಯಿಟ್ಟು ಹೊಡೆಯುವುದಕ್ಕೂ ವ್ಯತ್ಯಾಸ ಇದೆ. ನಿಮಗೆ ಹೇಳಿರುವುದು ಎರಡನೆಯದು.

ಪ್ರಶ್ನೆ (ಮೈಸೂರು, ಎಂ.ಎಸ್ಸಿ. ವಿದ್ಯಾರ್ಥಿನಿ): ಮೇಡಂ, ನಮ್ಮ ಕಡೆ ಈ ವಿಷಯದಲ್ಲಿ ಯಾರಾದರೂ ಕೆಲಸ ಮಾಡಿದ್ದಾರಾ? ಎಲ್ಲಾ ಹೊರಗಿನವರದೇ ಹೆಸರು ಬಂತು.

ಉತ್ತರ: ಮಾಡಿದ್ದಾರೆ ಮಗಳೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಎಂ.ಆರ್.ಎಸ್. ರಾವ್ ಅವರ ಲ್ಯಾಬು ಇಲಿಯ ಎಂಆರ್‌ಎಚ್‌ಎಲ್ ಎಂಬ 2,400 ಅಕ್ಷರದ ಉದ್ದ ಆರ್‌ಎನ್‌ಎಯ ಹಿಂದೆ ವರ್ಷಗಟ್ಟಲೆ ಬಿದ್ದಿತ್ತು. ವೃಷಣದಲ್ಲಿ ವೀರ್ಯಾಣು ರೂಪುಗೊಳ್ಳುವ ಹಂತದಲ್ಲಿ ಅದು ಡಬ್ಲ್ಯುಎನ್‌ಟಿ ಎಂಬ ಸಂದೇಶದ ದಾರಿಯನ್ನು ತಡೆದಿಡುತ್ತದೆ ಎಂದು ತೋರಿಸಿದರು. ಅವರು 2023ರಲ್ಲಿ ತೀರಿಕೊಂಡರು. ಇನ್ನೂ ಹಿಂದೆ, 1970ರಲ್ಲೇ, ಎಸ್.ಸಿ. ಲಖೋಟಿಯಾ ಹಣ್ಣುನೊಣದ ಕ್ರೋಮೋಸೋಮಿನಲ್ಲಿ 93ಡಿ ಎಂಬ ಜಾಗ ಬೆಂಜಮೈಡ್ ಎಂಬ ರಾಸಾಯನಿಕ ಹಾಕಿದಾಗ ಉಬ್ಬುವುದನ್ನು, ಅಂದರೆ ಅಲ್ಲಿ ಆರ್‌ಎನ್‌ಎ ನಕಲು ಜೋರಾಗಿ ತಯಾರಾಗುವುದನ್ನು, ವರದಿ ಮಾಡಿದ್ದರು. ಅಲ್ಲಿಂದ ಹೊರಡುವ ಆರ್‌ಎನ್‌ಎ ಪ್ರೋಟೀನಾಗುವುದಿಲ್ಲ ಅನ್ನುವುದರ ಮೇಲೆ ಮುಂದೆ ವಾರಾಣಸಿಯಲ್ಲಿ ದಶಕಗಳ ಕೆಲಸ ನಡೆಯಿತು, ಜಂಕ್ ಎಂಬ ಮಾತು ಜೋರಾಗಿದ್ದ ಕಾಲದಲ್ಲಿ. ಈ ಎರಡೂ ಲ್ಯಾಬುಗಳ ಪ್ರಬಂಧಗಳನ್ನು ಹುಡುಕಿ ಓದು. ಹತ್ತು ಸಾವಿರ ಭಾರತೀಯರ ಪೂರ್ಣ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದೂ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. ಎಕ್ಸೋಮ್ ಅಲ್ಲ, ಪೂರ್ಣ ಜೀನೋಮ್. ಪ್ರೋಟೀನಾಗದ ಭಾಗದಲ್ಲಿ ನಮ್ಮ ಜನರಲ್ಲಿ ಯಾವ ಬದಲಾವಣೆ ಸಹಜ, ಯಾವುದು ಅಪರೂಪ ಎಂದು ಹೇಳಲು ನನ್ನಂಥವರಿಗೆ ಆ ಪಟ್ಟಿ ಬೇಕೇ ಬೇಕು.

ಪ್ರಶ್ನೆ (ಹಾಸನದ ತಾಯಿ, ಮತ್ತೆ): ಮೇಡಂ, ಇವತ್ತು ನಮ್ಮ ಡಾಕ್ಟರಿಗೆ ನಿಮ್ಮ ಉತ್ತರ ತೋರಿಸಿದೆ. ಲ್ಯಾಬಿಗೆ ಅವರೇ ಫೋನ್ ಮಾಡಿದರು. ಆ ಜೀನು ಕವರ್ ಆಗಿಲ್ಲವಂತೆ. ಮಗಳ ಡಿಎನ್‌ಎ ಇನ್ನೂ ಇಟ್ಟಿದ್ದಾರಂತೆ, ಅದನ್ನಷ್ಟೇ ಓದಿಕೊಡುತ್ತಾರಂತೆ. ಅದರಲ್ಲೂ ಏನೂ ಸಿಗದಿದ್ದರೆ? ಇನ್ನೊಂದು, ನನ್ನ ಮತ್ತು ಯಜಮಾನರ ರಕ್ತವೂ ಬೇಕು ಅಂದರು, ಯಾಕೆ?

ಉತ್ತರ: ಓದಿ ಬಹಳ ಸಂತೋಷವಾಯಿತು ಅಮ್ಮಾ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು ಅಂತಲ್ಲ. ಆರ್‌ಎನ್‌ಯು4-2 ಆದ ಮೇಲೆ ಆರ್‌ಎನ್‌ಯು2-2 ಎಂಬ ಇನ್ನೊಂದು ಇಂಥದೇ ಜೀನೂ ಪಟ್ಟಿಗೆ ಸೇರಿದೆ. ಎಕ್ಸೋಮಿನ ಮೂಲ ಡೇಟಾ ಫೈಲನ್ನು ಲ್ಯಾಬಿನಿಂದ ಕೇಳಿ ಪಡೆದು ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಎರಡು ವರ್ಷಕ್ಕೊಮ್ಮೆ ಮರುವಿಶ್ಲೇಷಣೆ ಕೇಳಿ. ಹೊಸ ಜೀನು ಗೊತ್ತಾದ ಹಾಗೆ ಹಳೆಯ ಡೇಟಾದಲ್ಲೇ ಉತ್ತರ ಸಿಕ್ಕ ಮಕ್ಕಳನ್ನು ನಾನೇ ನೋಡಿದ್ದೇನೆ. ಫಿಟ್ಸ್ ಮಾತ್ರೆ, ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಯಾವುದೂ ವರದಿಗಾಗಿ ಕಾಯಬೇಕಿಲ್ಲ, ನಡೆಸಿಕೊಂಡು ಹೋಗಿ.

ನಿಮ್ಮಿಬ್ಬರ ರಕ್ತ ಕೇಳಿದ್ದು, ಮಗಳಲ್ಲಿ ಏನಾದರೂ ಕಂಡರೆ ಅದು ಹೊಸದಾಗಿ ಬಂದದ್ದೋ ಅಲ್ಲವೋ ಎಂದು ಹೋಲಿಸಲು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ತಲಾ ಎರಡು ಮೂರು ಎಂಎಲ್ ತೆಗೆಯುತ್ತಾರೆ. ಉಪವಾಸ ಬೇಕಿಲ್ಲ, ತಿಂಡಿ ತಿಂದುಕೊಂಡೇ ಹೋಗಿ. ಟ್ಯೂಬುಗಳ ಮೇಲೆ ನಿಮ್ಮಿಬ್ಬರ ಹೆಸರೂ ಸರಿಯಾಗಿ ಬರೆದಿದ್ದಾರೆಯೇ ಎಂದು ಅಲ್ಲೇ ಒಮ್ಮೆ ಓದಿ ನೋಡಿ.